ಹಿಟ್ಟು ಇಳಿಯಬೇಕು, ಗಾಳಿ ಏರಬಾರದು

ನನ್ನ ಭಾವ ತಮ್ಮ ಯಂತ್ರವನ್ನು ಮೊದಲ ಸಲ ನನಗೆ ತೋರಿಸಿದ ದಿನ ನಾನು ಮನುಷ್ಯರೂಪದಲ್ಲಿ ಗಿರಣಿಯೊಳಗೆ ಹೋಗಿ ಕಣಕದ ರೂಪದಲ್ಲಿ ಹೊರಗೆ ಬಂದೆ. ತಪ್ಪು ಪೂರ್ತಿ ನನ್ನದೇ. ಹಿಟ್ಟಿನ ಕೊಳವೆಯ ಮಗ್ಗುಲಲ್ಲಿ ಒಂದು ಪುಟ್ಟ ಮುಚ್ಚಳವಿತ್ತು, ಮುಚ್ಚಳ ಇರುವುದೇ ತೆರೆಯುವುದಕ್ಕೆ ಎಂಬ ನಂಬಿಕೆಯಲ್ಲಿ ಬೆಳೆದ ನಾನು, "ಇದೇನು ಭಾವ?" ಎಂದು ಕೇಳುತ್ತಲೇ ಅದನ್ನು ತಿರುಗಿಸಿ ತೆಗೆದುಬಿಟ್ಟೆ. ಒಳಗೆ ರಭಸದಿಂದ ಓಡುತ್ತಿದ್ದ ಗಾಳಿ ದಾರಿ ಸಿಕ್ಕ ಸಂತೋಷದಲ್ಲಿ ಹಿಟ್ಟನ್ನೆಲ್ಲ ಹೊತ್ತು ತಂದು ನನ್ನ ಕರಿ ಕೋಟಿಗೆ, ಮೀಸೆಗೆ, ಪ್ರಶ್ನೆ ಕೇಳಿ ಇನ್ನೂ ಮುಚ್ಚಿರದ ಬಾಯಿಗೆ ಧಾರಾಳವಾಗಿ ಹಂಚಿತು. ಭಾವ ಓಡಿ ಬರಲಿಲ್ಲ. ಅವರು ಓಡಿದ್ದನ್ನು ಕಂಡವರೇ ಇಲ್ಲ. ಎಂದಿನ ನಡಿಗೆಯಲ್ಲಿ ಬಂದು, ಮುಚ್ಚಳ ಹಾಕಿ, ಕೈ ಒರೆಸಿಕೊಂಡು, "ನೀರು ಮುಟ್ಟಬೇಡ" ಎಂದರು. ಆ ಮಾತು ಹೊರಡುವಷ್ಟರಲ್ಲಿ ನಾನು ನಲ್ಲಿಯ ಕೆಳಗೆ ತಲೆಯೊಡ್ಡಿ ಆಗಿತ್ತು. ಅಕ್ಕ ಆ ಸಂಜೆ ನನ್ನ ಮೀಸೆಯನ್ನು ಚಮಚದಿಂದ ಕೆರೆದು ಬಿಡಿಸಿದಳು.

ಭಾವನ ಮಾತೇ ಹಾಗೆ. ಅದು ಹರಿಯುವುದಿಲ್ಲ, ಪಾಲುಪಾಲಾಗಿ ಇಳಿಯುತ್ತದೆ. ಒಂದು ವಾಕ್ಯ ಬಂದು ನಿಲ್ಲುತ್ತದೆ. ಒಳಗೆಲ್ಲೋ ಏನೋ ಒಂದು ಸುತ್ತು ತಿರುಗುತ್ತದೆ. ಮತ್ತೊಂದು ವಾಕ್ಯ ಬರುತ್ತದೆ. ನಡುವಿನ ಮೌನವನ್ನು ಮಾತಿನ ಕೊನೆಯೆಂದು ತಿಳಿದು ಎದ್ದುಹೋದ ನೆಂಟರು ಎಷ್ಟೋ ಮಂದಿ. ಅವರ ಮಾತಿನ ಉತ್ತರಾರ್ಧವನ್ನು ಖಾಲಿ ಕುರ್ಚಿಗಳು ಕೇಳಿವೆ.

ಈ ಸ್ವಭಾವ ಯಂತ್ರದಿಂದ ಭಾವನಿಗೆ ಅಂಟಿತೋ, ಭಾವನಿಂದ ಯಂತ್ರಕ್ಕೆ ಅಂಟಿತೋ ನಾನರಿಯೆ. ಗಿರಣಿಯವರು ಆ ಯಂತ್ರವನ್ನು ಏರ್‌ಲಾಕ್ ಎನ್ನುತ್ತಾರೆ. ಎರಕದ ಕಬ್ಬಿಣದ ದುಂಡು ಹೊಟ್ಟೆ. ಅದರೊಳಗೆ ರೆಕ್ಕೆಗಳುಳ್ಳ ಒಂದು ಚಕ್ರ. ರೆಕ್ಕೆ ರೆಕ್ಕೆಗಳ ನಡುವೆ ಒಂದೊಂದು ಗೂಡು. ಮೇಲಿನ ಕಣಜದಿಂದ ಹಿಟ್ಟು ಗೂಡಿಗೆ ಬೀಳುತ್ತದೆ, ಚಕ್ರ ತೂಕಡಿಸುತ್ತಿರುವಂತೆ ನಿಧಾನವಾಗಿ ತಿರುಗುತ್ತದೆ, ಗೂಡು ತಲೆಕೆಳಗಾಗಿ ಹಿಟ್ಟು ಕೆಳಗಿನ ಕೊಳವೆಗೆ ಸುರಿಯುತ್ತದೆ, ಅಲ್ಲಿ ಕಾದಿರುವ ಗಾಳಿ ಅದನ್ನು ಎತ್ತಿಕೊಂಡು ದೂರದ ಉಗ್ರಾಣಕ್ಕೆ ಹೊರಡುತ್ತದೆ. ಹಿಟ್ಟು ಇಳಿಯಬೇಕು, ಗಾಳಿ ಏರಬಾರದು; ಇಡೀ ಶಾಸ್ತ್ರ ಇಷ್ಟೇ. ರೆಕ್ಕೆಯ ತುದಿಗೂ ಹೊಟ್ಟೆಯ ಗೋಡೆಗೂ ನಡುವೆ ಕೂದಲು ತೂರುವಷ್ಟು ಮಾತ್ರ ಸಂದು. ತುದಿ ಸವೆದರೆ ಗಾಳಿ ಮೇಲಕ್ಕೆ ನುಸುಳಿ, ಇಳಿಯಬೇಕಾದ ಹಿಟ್ಟನ್ನು ಹೊಸಿಲಲ್ಲೇ ತಡೆದು ನಿಲ್ಲಿಸುತ್ತದೆ. ಆಗ ಉಳಿದವರು ಕಣಜವನ್ನು ಸುತ್ತಿಗೆಯಿಂದ ಬಡಿಯುತ್ತಾರೆ. ಭಾವ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಬೇರಿಂಗಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಮೇಲಿನ ಕಿಟಕಿಯಿಂದ ಬಿಸಿಲಿನ ಪಟ್ಟೆಯೊಂದು ಓರೆಯಾಗಿ ಇಳಿದು, ಅದರಲ್ಲಿ ಹಿಟ್ಟಿನ ಕಣಗಳು ಎತ್ತ ಹೋಗಬೇಕೆಂಬ ಚಿಂತೆಯಿಲ್ಲದೆ ತೇಲುತ್ತಿರುವಾಗ, ಆ ಗುಂಯ್‌ಗುಡುವ ಮಂಪರಿನ ನಡುವೆ ನಿಂತ ಭಾವನನ್ನು ನೋಡಿದರೆ, ಈ ಮನುಷ್ಯ ಎಚ್ಚರವಾಗಿದ್ದಾರೋ ಇಡೀ ಗಿರಣಿಯ ಕನಸು ಕಾಣುತ್ತಿದ್ದಾರೋ ಎಂದು ನನಗೆ ಅನುಮಾನವಾಗುತ್ತಿತ್ತು.

ಅವರ ಕಂದು ಕೋಟಿನ ಹೊಲಿಗೆ ಹೊಲಿಗೆಯಲ್ಲೂ ಹಿಟ್ಟು ಕುಳಿತಿದೆ. ಎಷ್ಟು ಕೊಡವಿದರೂ, ಕೂತಾಗ ಒಂದು ಸಣ್ಣ ಮೋಡ ಏಳುತ್ತದೆ. ಕೋಟಿನ ಒಳಜೇಬಿನಲ್ಲಿ ಒಂದು ಕೀಲಿಕೈ. ಚಕ್ರದೊಳಗೆ ಕೈ ಹಾಕುವ ಮುನ್ನ ಕರೆಂಟಿನ ಸ್ವಿಚ್ಚನ್ನು ಇಳಿಸಿ ಅದಕ್ಕೆ ತಮ್ಮದೇ ಬೀಗ ಜಡಿಯುತ್ತಾರೆ. ಹಾಕಿದವರೇ ಬಂದು, ಒಳಗೆ ಯಾರ ಕೈಯೂ ಇಲ್ಲವೆಂದು ಕಣ್ಣಾರೆ ನೋಡಿ, ತೆಗೆಯಬೇಕು. ನಿಂತಂತೆ ಕಾಣುವ ಆ ಚಕ್ರ ಅಕಸ್ಮಾತ್ ಹೊರಳಿತೆಂದರೆ ಬೆರಳಿಗೂ ಹಿಟ್ಟಿಗೂ ವ್ಯತ್ಯಾಸ ಮಾಡುವುದಿಲ್ಲ. ಹೀಗಾಗಿ ಗಿರಣಿಯಲ್ಲಿ ಅವರಿಗೆ ಬೀಗಣ್ಣ ಎಂದೇ ಹೆಸರು. ಎದುರಿಗೇ ಕರೆಯುತ್ತಾರೆ, ಅವರು ಓಗೊಡುತ್ತಾರೆ.

ಇಂಥವರ ಕೈ ಹಿಡಿದ ನನ್ನ ಅಕ್ಕ ಹಾಡುಗಾರ್ತಿ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ಗಂಟಲು ಸವೆಸಿದವಳು. ಅಲ್ಲಿ ಇಲ್ಲಿ ಅವಳು ಹಾಡಿದಾಗಲೆಲ್ಲ ಭಾವ ಬಂದದ್ದು ಜನ ಚಪ್ಪಲಿ ಹುಡುಕುವ ಹೊತ್ತಿಗೆ. ಕೊನೆಗೊಮ್ಮೆ ಅವಳಿಗೆ ಒಂದು ನಿಜವಾದ ಸಭಾಂಗಣದಲ್ಲಿ, ನಿಜವಾದ ವೇದಿಕೆಯ ಮೇಲೆ, ಪಿಟೀಲಿನವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡುವ ಯೋಗ ಬಂತು. ಊಟಕ್ಕೆ ಬಡಿಸುತ್ತಾ ಅವಳು ಭಾವನಿಗೆ ಮೆಲ್ಲಗೆ ಹೇಳಿದಳು: "ಇದೊಂದು ಸಲ ಮೊದಲಿಂದ ಕೊನೇವರೆಗೂ ಎದುರಿಗೆ ಕೂತಿರಿ. ಇನ್ನು ಯಾವತ್ತೂ ಕೇಳಲ್ಲ." ಅಕ್ಕ ಗದರಿದರೆ ಭಯವಿಲ್ಲ, ಮೆಲ್ಲಗೆ ಮಾತಾಡಿದಳೆಂದರೆ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಜಾಗ ಖಾಲಿ ಮಾಡುತ್ತದೆ.

ಆ ಸಂಜೆ ಭಾವ ನನಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಖ ತೊಳೆದಿತ್ತು, ತಲೆ ಬಾಚಿತ್ತು. ವೇದಿಕೆಯಿಂದ ಅಕ್ಕ ಆ ಕಂದು ಕೋಟನ್ನು ಕಂಡು ಮುಖ ಅರಳಿಸಿದ್ದನ್ನು ನಾನು ನೋಡಿದೆ. ಮೊದಲ ಹಾಡು ಮುಗಿಯುತ್ತಿದ್ದಂತೆ ಗಿರಣಿಯ ಕಾವಲುಗಾರ ಬಗ್ಗಿ ಬಗ್ಗಿ ಬಂದು ಭಾವನ ಕಿವಿಯ ಬಳಿ ಕುಕ್ಕರಿಸಿದ. ಸಂಗತಿಯಿಷ್ಟು: ಮಧ್ಯಾಹ್ನ ರೆಕ್ಕೆಯ ತುದಿಗಳನ್ನು ಬದಲಿಸಿದ ಭಾವ ಬೀಗ ತೆಗೆಯದೆ ಬಂದುಬಿಟ್ಟಿದ್ದರು. ಮೇಲೆ ಕಣಜ ತುಂಬಿ, ಗಿರಣಿಯೇ ನಿಂತಿತ್ತು. ಕೀಲಿಕೈ ಕೊಟ್ಟು ಕಳಿಸದಿದ್ದರೆ ಬೀಗ ಕತ್ತರಿಸುವುದಾಗಿ ಯಜಮಾನರು ಹೇಳಿದ್ದರು.

ಕೀಲಿಕೈ ಇತ್ತ ಕೊಡಿ, ನಾನೇ ಹೋಗಿ ತೆಗೆದು ಬರುತ್ತೇನೆ ಎಂದೆ. ಅವರು ನನ್ನ ಮೀಸೆಯನ್ನೊಮ್ಮೆ ನೋಡಿದರು.

"ಒಳಗೆ ಕೈ ಇಲ್ಲ ಅಂತ ನೋಡಬೇಕು."

"ನಿಮ್ಮ ಕೈ ಇಲ್ಲೇ ಇದೆಯಲ್ಲ ಭಾವ."

ಅವರು ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಹೊರಳಿಸಿ ಪರೀಕ್ಷಿಸಿ, "ನನ್ನವು ಇವೆ" ಎಂದರು.

ಹಿಟ್ಟು ಕಟ್ಟಿಕೊಂಡಿದೆಯೆಂದು ಈಗಾಗಲೇ ಯಾರಾದರೂ ಮುಚ್ಚಳ ಬಿಚ್ಚಿ ಕೈ ತೂರಿಸಿರಬಹುದು, ಅತ್ತ ಇನ್ನೊಬ್ಬ ಬೀಗ ಕತ್ತರಿಸಿ ಸ್ವಿಚ್ ಎತ್ತಬಹುದು. ಅದು ನನಗೆ ಆಮೇಲೆ ಹೊಳೆಯಿತು. ಭಾವ ವೇದಿಕೆಯ ಕಡೆ ನೋಡಿದರು. ಅಕ್ಕ ಎರಡನೆಯ ಹಾಡಿಗೆ ಉಸಿರು ತುಂಬಿಕೊಳ್ಳುತ್ತಿದ್ದಳು. ಅವರು ಎದ್ದರು, ಕೋಟಿನಿಂದೆದ್ದ ಬಿಳಿ ಮೋಡ ವೇದಿಕೆಯ ಬೆಳಕಿನಲ್ಲಿ ಕ್ಷಣಕಾಲ ಮನುಷ್ಯಾಕಾರದಲ್ಲಿ ನಿಂತು, ಆಮೇಲೆ ಕರಗಿತು. ಅಕ್ಕನ ಕಣ್ಣು ಖಾಲಿ ಕುರ್ಚಿಯ ಮೇಲೆ ಬಿತ್ತು. ಉಸಿರು ಮಾತ್ರ ತಪ್ಪಲಿಲ್ಲ. ಅಂದು ಅವಳು ಹಾಡಿದ್ದು ಹೇಗಿತ್ತೆಂದರೆ, ಮುಚ್ಚಿದ ಕೋಣೆಯೊಂದರಲ್ಲಿ ಯಾರೋ ಒಂದೊಂದೇ ದೀಪ ಆರಿಸುತ್ತ ಹೋದಂತಿತ್ತು. ಸಭೆ ಮೈಮರೆಯಿತು, ನಾನು ಮಾತ್ರ ಬಾಗಿಲು ಕಾಯುತ್ತಾ ಕೂತೆ. ಕೊನೆಯ ಹಾಡಿನ ಮೊದಲ ಸಾಲಿಗೆ ಭಾವ ಬೀಗ ತೆಗೆದು ಅದೇ ನಡಿಗೆಯಲ್ಲಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು.

ಮನೆಯಲ್ಲಿ ಅಕ್ಕ ಪಾತ್ರೆಗಳನ್ನು ಸದ್ದಿಲ್ಲದೆ ಇಡತೊಡಗಿದಳು. ಬಹಳ ಕೆಟ್ಟ ಲಕ್ಷಣ. ಭಾವ ಹೊರಗೆ ಶೂ ಬಿಚ್ಚುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ, ಕಾವಲುಗಾರ ಹೊರಡುವಾಗ ನನ್ನ ಕಿವಿಯಲ್ಲಿ ಉಸುರಿದ್ದನ್ನೆಲ್ಲ ಒಪ್ಪಿಸಿದೆ. ಮಧ್ಯಾಹ್ನದಿಂದ ಬೀಗಣ್ಣನಿಗೆ ಗಡಿಯಾರ ನೋಡುವುದೇ ಕೆಲಸವಾಗಿತ್ತಂತೆ; ತುದಿ ಬಿಗಿಯುವಾಗಲೂ ಅತ್ತಲೇ ಕಣ್ಣಂತೆ; ಕೆಲಸ ಮುಗಿದದ್ದೇ ಮುಖ ತೊಳೆದು, ಕೋಟು ಏರಿಸಿ, ಹಿಂದೆ ತಿರುಗದೆ ಹೊರಟರಂತೆ.

ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದುಕೊಂಡಳು. "ಇವರಾ? ಬೀಗ ಮರೆತರಾ?"

"ಯಾವತ್ತಾದರೂ ಮರೆತಿದ್ದುಂಟಾ?" ಎಂದು ಕೇಳಿದೆ.

"ನಮ್ಮ ಮದುವೆ ದಿನ ಕೂಡ ಹೋಗಿ ತೆಗೆದು ಬಂದಿದ್ದರು ಕಣೋ." ಅವಳು ಗೋಡೆಯ ಕಡೆ ತಿರುಗಿದಳು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು, ಅಥವಾ ಅಳುವೂ ಅದರಲ್ಲಿ ಸೇರಿತ್ತೇನೋ. "ನನಗೋಸ್ಕರ ಒಂದನ್ನಾದರೂ ಮರೆತರಲ್ಲೋ," ಎಂದಳು. ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

ಲೋಕದಲ್ಲಿ ಪ್ರೀತಿಯನ್ನು ಗಾಳಿಯ ಹಾಗೆ ಬೀಸುವವರಿದ್ದಾರೆ. ನಾನೂ ಆ ಪೈಕಿ, ಬಾಯಿ ತೆರೆದರೆ ಬಿರುಗಾಳಿ, ಆಮೇಲೆ ನೋಡಿದರೆ ಗೂಡಿನಲ್ಲಿ ಕಾಳೂ ಇಲ್ಲ. ಇನ್ನು ಕೆಲವರು ಅದನ್ನು ಅಳತೆ ತುಂಬಿ, ಬಿಗಿಯಾಗಿ ಮುಚ್ಚಿ, ನಿಧಾನವಾಗಿ ತಿರುಗಿಸಿ ಕೆಳಗಿಳಿಸುವವರು. ಅವರ ಬಳಿ ಬದುಕುವುದೆಂದರೆ ಕಾಯುವುದು. ಕಾದವರ ಪಾತ್ರೆ ತುಂಬುತ್ತದೆ. ತುಂಬಿದ್ದು ಗೊತ್ತಾಗಲು ಕೆಲವೊಮ್ಮೆ ಒಂದು ಗಿರಣಿಯೇ ನಿಲ್ಲಬೇಕಾಗುತ್ತದೆ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಭಾವನೆದುರು ನಿಂತಳು. "ಹೇಗಿತ್ತು ರೀ ನನ್ನ ಹಾಡು?"

ಭಾವ ಯೋಚಿಸಿದರು. ಒಳಗೆ ಏನೋ ಒಂದು ಸುತ್ತು ತಿರುಗಿತು.

"ಮೊದಲನೇದು ಚೆನ್ನಾಗಿತ್ತು. ಕೊನೇದೂ ಚೆನ್ನಾಗಿತ್ತು."

ನಾವು ಕಾದೆವು.

"ನಡುವಿನದು ಹೇಳಕ್ಕಾಗಲ್ಲ. ನಾನು ಕಣ್ಣಾರೆ ನೋಡಿಲ್ಲ."