ಕಡ ಹೋದ ಮಾಸ್ಟ್ರು

ಮಳೆಗಾಲ ಕಳೆದು ಮೊದಲ ಚಳಿ ಬಿದ್ದ ಬೆಳಿಗ್ಗೆ ಅದು. ಮಂಜು ಇನ್ನೂ ಕರಗಿರಲಿಲ್ಲ. ಆಲಂಕಾರಿನ ಆಚೆಯ ಗುಡ್ಡದಲ್ಲಿ ರಬ್ಬರ್ ಹಾಲು ಸಂಗ್ರಹಿಸುತ್ತಿದ್ದ ಏಲಿಯಮ್ಮ ಬಕೆಟು ಹಿಡಿದು ಹಾಗೇ ನಿಂತಳು. ಬಯಲಿನ ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುವ ಸ್ವರ ಗಾಳಿಯಲ್ಲಿ ಏರಿ ಬರುತ್ತಿತ್ತು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು. ಆ ಸ್ವರದಲ್ಲಿ ತನ್ನ ಮಗಳು ಲೈಸಾಳದ್ದೂ ಒಂದಿರಬೇಕಿತ್ತು ಎಂದು ಅವಳ ಜೀವ ಹಂಬಲಿಸಿತು.

ಗುಡ್ಡದ ಮೇಲೂ ಒಂದು ಸರ್ಕಾರಿ ಶಾಲೆ ಇತ್ತು. ಆದರೆ ಅದಕ್ಕೆ ಬೀಗ. ಅಲ್ಲಿದ್ದ ಒಬ್ಬರೇ ಮಾಸ್ಟ್ರು ರಾಧಾಕೃಷ್ಣ. ಬಯಲು ಶಾಲೆಯ ಹೆಡ್‌ಮಾಸ್ಟ್ರು ಸರ್ವೋತ್ತಮ ಅವರು ದಸರಾ ತನಕ ಮಾತ್ರ ಕಡ ಎಂದು ಹೇಳಿ ಅವರನ್ನು ಕರೆದುಕೊಂಡು ಹೋಗಿದ್ದರು. ದಸರಾ ಬಂದು ಹೋಯಿತು, ಮರುವರ್ಷದ್ದೂ ಹೋಯಿತು. ಹರಿಯುವ ತೋಡು ದಾಟಿ ಅಷ್ಟು ದೂರ ನಡೆಯುವುದು ಚಿಕ್ಕ ಮಕ್ಕಳಿಂದಾಗದ ಮಾತು.

ಗುಡ್ಡದವರು ಕೇಳಲಿಲ್ಲವೇ? ಇಲ್ಲ. ಅಲ್ಲಿ ಯಾರದ್ದೇ ತೋಟದಲ್ಲಿ ಗುಂಡಿ ತೋಡುವುದಿದ್ದರೂ ನೆರೆಯವರು ಮುಯ್ಯಾಳಾಗಿ ಹೋಗುತ್ತಾರೆ. ಇಂದು ನಾನು ನಿನಗೆ, ನಾಳೆ ನೀನು ನನಗೆ. ಮುಯ್ಯಿ ತೀರಿಸು ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ. ಮಾಸ್ಟ್ರನ್ನೂ ಅವರು ಹಾಗೇ ಎಣಿಸಿ, ಸುಮ್ಮನೆ ದಾರಿ ಕಾಯುತ್ತಿದ್ದರು.

ಆ ದಿನ ಬಯಲಿನಿಂದ ಸಫಿಯಾ ಹತ್ತಿ ಬಂದಳು. ಗಂಡ ಮೊಯ್ದಿನಬ್ಬನ ಅಂಗಡಿಗೆ ಮರಗೆಣಸು ಬೇಕಿತ್ತು. ಅಂಗಳದಲ್ಲಿ ಒಣ ರಬ್ಬರ್ ಚೂರು ಆರಿಸುತ್ತಿದ್ದ ಲೈಸಾಳನ್ನು ಕಂಡು, ಶಾಲೆ ಇಲ್ಲವಾ ಎಂದು ಕೇಳಿದಳು. ಮಗಳು ಮೊನ್ನೆ ಮಣ್ಣಿನಲ್ಲಿ ತನ್ನ ಹೆಸರು ಬರೆಯಲು ಹೋಗಿ ಅರ್ಧದಲ್ಲೇ ನಿಂತಳೆಂದು ಏಲಿಯಮ್ಮ ಹೇಳಿದಳು. ಕಡ ಹೋದ ಮಾಸ್ಟ್ರು ಮುಯ್ಯಾಳಿನ ಹಾಗೆ ತಿರುಗಿ ಬರುತ್ತಾರೆಂದು ಕಾಯುತ್ತಿದ್ದೇವೆ ಎಂದಳು.

"ಕಳಿಸ್ತಾರೆ, ಕೆಳಗಿನವರು ಕೆಟ್ಟವರಲ್ಲ," ಎಂದ ಅವಳ ಗಂಡ ಈಪ್ಪನ್.

"ಮಾಸ್ಟ್ರು ಎಂತ ಮುಯ್ಯಾಳಾ, ಈಪ್ಪನಣ್ಣ?" ಎಂದಳು ಸಫಿಯಾ. "ಸರ್ಕಾರ ಅವರನ್ನು ಕೊಟ್ಟದ್ದು ಈ ಮಕ್ಕಳಿಗೆ. ನಿಮ್ಮ ಕೆಲಸದಾಳನ್ನು ನೀವು ಕಡ ಕೊಡಿ. ಮಕ್ಕಳ ಪಾಲನ್ನು ಕಡ ಕೊಡ್ಲಿಕ್ಕೆ ನೀವು ಯಾರು?"

"ನೀರು ಯಾವಾಗ್ಲೂ ತಗ್ಗಿಗೇ ಹರಿಯುದು. ಅಲ್ಲಿ ರಸ್ತೆ ಉಂಟು, ಗಲ್ಫಿನ ಹಣ ಉಂಟು. ನಾವು ಎಲ್ಲಿಂದಲೋ ಬಂದವರು, ಎಂತ ಕೇಳುದು?" ಎಂದ ಈಪ್ಪನ್.

"ಹರಿಯುವ ನೀರಿಗೆ ವರ್ಷ ವರ್ಷ ಅಡ್ಡ ಕಟ್ಟ ಕಟ್ಟಿ ನಿಲ್ಲಿಸುದು ಮತ್ತೆ ಯಾರು ಮಾರಾಯ್ರೆ, ನಾನಾ?"

ಈಪ್ಪನ್ ತಲೆ ಕೆರೆದುಕೊಂಡ. ಬಯಲು ಶಾಲೆಗೆ ಬೆಂಚು ಬೇಕಾದರೆ ಅಂಗಡಿಯವರು ಸೇರಿಸಿ ಕೊಡುತ್ತಾರೆ, ಗುಡ್ಡದ ಶಾಲೆಗೆ ಸರ್ಕಾರ ಬಿಟ್ಟರೆ ಯಾರಿದ್ದಾರೆ ಎಂದು ಸಫಿಯಾ ಬಿಡಿಸಿ ಹೇಳಿದಳು. ಇಲ್ಲದವರ ಪಾಲಿನಿಂದ ಇದ್ದವರ ಕೊರತೆ ತುಂಬುವುದು ದೇವರು ಮೆಚ್ಚುವ ಕೆಲಸವಲ್ಲ ಎಂದಳು.

ಮುಂದಿನ ಶನಿವಾರ ಬಯಲಿನಲ್ಲಿ ಶಾಲಾ ಸಮಿತಿಯ ಸಭೆ. ಗುಡ್ಡದ ತಾಯಂದಿರೆಲ್ಲ ಇಳಿದು ಹೋದರು. ಹಿಂದಿನಿಂದ ಈಪ್ಪನ್ ಕೂಡ. ಇಲ್ಲಿ ಮಕ್ಕಳು ಹೆಚ್ಚು, ಅದಕ್ಕೇ ಹೀಗಾಯಿತು ಎಂದರು ಸರ್ವೋತ್ತಮ ಮಾಸ್ಟ್ರು. ಸುಳ್ಳೇನಲ್ಲ.

ಆಗ ಸಫಿಯಾ ಎದ್ದಳು. "ನನ್ನ ಇಬ್ಬರು ಮಕ್ಕಳು ಇಲ್ಲೇ ಕಲಿಯುದು. ಮಾಸ್ಟ್ರು ಸಾಲದಿದ್ರೆ ನಾವೆಲ್ಲ ಹೋಗಿ ಶಾಲಾ ಇನ್‌ಸ್ಪೆಕ್ಟರರ ಹತ್ರ ಇನ್ನೊಬ್ಬರನ್ನು ಕೇಳುವ. ಆಚೆ ಮನೆಯ ಗಂಜಿ ತಂದು ನನ್ನ ಮಕ್ಕಳಿಗೆ ಬಡಿಸುದು ಬೇಡ."

ಏಲಿಯಮ್ಮ ಒಂದೇ ಮಾತು ಹೇಳಿದಳು. "ನನ್ನ ಮಗಳು ಅಕ್ಷರ ಮರೀತಾ ಇದ್ದಾಳೆ, ಮಾಸ್ಟ್ರೇ."

ಸರ್ವೋತ್ತಮ ಮಾಸ್ಟ್ರು ಮೇಜಿನ ಖಾನೆ ಎಳೆದು ಗುಡ್ಡದ ಶಾಲೆಯ ಬೀಗದ ಕೈಯನ್ನು ಹುಡುಕಿ ತೆಗೆದರು.

ಇದನ್ನು ಓದುವ, ಕೇಳುವ ತಾಯಿ ತಂದೆಯರೇ, ನಿಮ್ಮ ಊರಿನ ಶಾಲೆಗೆ ಬರಬೇಕಾದ ಮಾಸ್ಟ್ರು, ಪುಸ್ತಕ, ಬೆಂಚು ಬಂದಿದೆಯೇ ನೋಡಿ. ಬಾರದಿದ್ದರೆ ಸೇರಿ ಕೇಳಿ. ನಿಮ್ಮ ಶಾಲೆ ತುಂಬಿದ್ದರೆ ಪಕ್ಕದ ಬರಿದಾದ ಶಾಲೆಯ ಪರವಾಗಿಯೂ ಕೇಳಿ. ಅದು ಬೇಡುವುದಲ್ಲ, ಮಕ್ಕಳ ಪಾಲು.

ಸೋಮವಾರ ಗುಡ್ಡದ ದಾರಿಯಲ್ಲಿ ಇಬ್ಬರು ಹತ್ತಿ ಬಂದರು. ಮುಂದೆ ರಾಧಾಕೃಷ್ಣ ಮಾಸ್ಟ್ರು, ಹಿಂದೆ ಏದುಸಿರು ಬಿಡುತ್ತ ಸರ್ವೋತ್ತಮ ಮಾಸ್ಟ್ರು. ಏಲಿಯಮ್ಮ ನೀರು ಬೆಲ್ಲ ತರಲು ಒಳಗೆ ಓಡಿದಳು. ಅವಳು ಹೊರಗೆ ಬರುವಷ್ಟರಲ್ಲಿ ಸರ್ವೋತ್ತಮ ಮಾಸ್ಟ್ರು ಶಾಲೆಯ ಬೀಗದ ಕೈಯನ್ನು ರಾಧಾಕೃಷ್ಣ ಮಾಸ್ಟ್ರ ಅಂಗೈಯಲ್ಲಿಟ್ಟು, ಲೈಸಾಳ ತಲೆ ಸವರಿ, ಗುಡ್ಡ ಇಳಿಯುತ್ತಿದ್ದರು.