ಆಲ್ಗೋಟನ ಸಹಿ

ಹೊಸ ನಿಯಮಕ್ಕೆ ಇನ್ನೊಂದೇ ಸಹಿ ಬಾಕಿ, ಆಲ್ಗೋಟನದು. ಗೋಥೆನ್‌ಬರ್ಗಿನ ಒಂದು ಪುಟ್ಟ ಗುಂಪು ಮೂವತ್ತು ವರ್ಷದಿಂದ ಸಾಕಿಕೊಂಡು ಬಂದ ಪ್ರೋಗ್ರಾಮಿಂಗ್ ಭಾಷೆಯ ನಿಯಮ ಅದು. ನಿಯಮ ಬದಲಾದರೆ ಯಾರ ಪ್ರೋಗ್ರಾಂ ಮುರಿಯುತ್ತದೋ ಅವರು ಒಪ್ಪಿ ಕೈಯಾರೆ ಸಹಿ ಹಾಕಬೇಕು. ಆ ಕಟ್ಟಳೆ ತಂದವನೂ ಆಲ್ಗೋಟನೇ.

ಹೊಸ ನಿಯಮ ಬರೆದ ಸೋಲ್ವೈಗ್ ಆ ಸಹಿಗಾಗಿ ಟ್ರಾಮಿನಲ್ಲಿ ಅವನ ಮನೆಗೆ ಹೊರಟಿದ್ದಳು. ಇಷ್ಟು ದಿನ ಪ್ರೋಗ್ರಾಮಿನೊಳಗೆ ಒಂದು ಹೆಸರಿಟ್ಟರೆ ಸಾಕಿತ್ತು. ಅದು ಸಂಖ್ಯೆಗೂ ಒಗ್ಗುತ್ತದೆ, ಅಕ್ಷರಕ್ಕೂ ಒಗ್ಗುತ್ತದೆ ಎಂದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಾನೇ ಊಹಿಸಿಕೊಳ್ಳುತ್ತಿತ್ತು. ಇನ್ನು ಅದು ಒಂದೇ ಬಗೆಯನ್ನು ಊಹಿಸುತ್ತದೆ, ಎರಡೂ ಬೇಕಾದರೆ ಬರೆದವರೇ ಬಿಡಿಸಿ ಹೇಳಬೇಕು. ನಿಯಮ ಬದಲಾಗದಿದ್ದರೆ ಭಾಷೆ ಮುಂದಕ್ಕೆ ಬೆಳೆಯುವುದಿಲ್ಲ, ಅವಳ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು. ಬದಲಾದರೆ ಆಲ್ಗೋಟನ ಪ್ರೋಗ್ರಾಂ ಹನ್ನೆರಡು ಕಡೆ ಮುರಿಯುತ್ತದೆ. ಅವಳಿಗೆ ವಿದ್ಯೆ ಕಲಿಸಿದವನು ಅವನು. ಊಹಿಸುವುದು ಯಂತ್ರದ ಕೆಲಸ, ಮನುಷ್ಯನದಲ್ಲ ಎಂದು ಜೀವಮಾನವಿಡೀ ಜಗಳ ಕಾದವನು. ಸುಮ್ಮನೆ ಬಿಟ್ಟಾನೆಯೇ?

“ಬನ್ನಿ, ಬನ್ನಿ. ಶೂ ಅಲ್ಲೇ ಬಿಡಿ,” ಎಂದು ಆಲ್ಗೋಟ್ ಬಾಗಿಲು ತೆರೆದ. ಇಪ್ಪತ್ತು ವರ್ಷ ಅವಳನ್ನು ‘ಲೇ ಮೊಂಡಿ’ ಎಂದೇ ಕರೆದವನು. ಈ ಬಹುವಚನ ತಮಾಷೆಯಿರಬೇಕು ಎಂದುಕೊಂಡಳು. ಕಾಫಿ ಬಂತು, ಏಲಕ್ಕಿ ಬನ್ನು ಬಂತು. ಅವಳು ಒಪ್ಪಿಗೆ ಪತ್ರವನ್ನೂ ಅವನ ಪ್ರೋಗ್ರಾಮಿನ ಹಾಳೆಗಳನ್ನೂ ಮೇಜಿನ ಮೇಲೆ ಹರಡಿದಳು.

“ಬಯ್ಯೋದಿದ್ರೆ ಈಗ್ಲೇ ಬಯ್ದುಬಿಡು, ಆಲ್ಗೋಟ್. ಹನ್ನೆರಡು ಕಡೆ ನೀನೇ ಬಿಡಿಸಿ ಬರೀಬೇಕಾಗತ್ತೆ.”

“ಬರೆದ್ರಾಯ್ತು ಬಿಡಿ. ಅದಕ್ಕೇನಂತೆ?” ಎಂದವನೇ ಸಹಿ ಹಾಕಿಬಿಟ್ಟ.

ಸೋಲ್ವೈಗ್ ಸಹಿಯನ್ನೇ ನೋಡಿದಳು. ಒಂದು ಸಲ ಬಯ್ಯಬಾರದೇ ಇವನು ಎನ್ನಿಸಿತು.

“ನನ್ನ ಹೆಸ್ರೇನು, ಹೇಳು ನೋಡೋಣ?”

ಅವನು ನಕ್ಕು ತಟ್ಟೆಯನ್ನು ಅವಳತ್ತ ತಳ್ಳಿದ. “ಇನ್ನೊಂದು ಬನ್ನು ತಗೊಳ್ಳಿ.”

ಆಮೇಲೆ ತನ್ನದೇ ಪ್ರೋಗ್ರಾಮಿನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಒಂದು ಕಡೆ ಬೆರಳು ನಿಂತಿತು, ಮುಖ ಅರಳಿತು.

“ಏನ್ ಚೆನ್ನಾಗಿ ಬರ್ದಿದಾನ್ರೀ! ಒಂದಕ್ಷರ ಹೆಚ್ಚಿಲ್ಲ. ಯಾರಿದು?”

ಅವಳು ಹಾಳೆಯಿಂದ ಕಣ್ಣೆತ್ತಿ ಅವನ ಮುಖ ನೋಡಿದಳು.

“ಅವನನ್ನ ಒಂದ್ಮಾತು ಕೇಳಿದ್ರಾ? ಕೇಳ್ದೆ ಮುಟ್ಬೇಡಿ. ಪಾಪ, ಬೇಜಾರ್ ಮಾಡ್ಕೋತಾನೆ.”

ಸಹಿಯ ಶಾಯಿ ಇನ್ನೂ ಹಸಿಯಾಗಿತ್ತು. ಆ ಪತ್ರ ಎತ್ತಿಕೊಂಡು ಹೋದರೆ ಅವನಿಗೆ ದ್ರೋಹ. ಬಿಟ್ಟು ಹೋದರೆ ನಿಯಮ ನಿಂತೇ ಹೋಗುತ್ತದೆ, ಒಪ್ಪಿಗೆ ಕೇಳಲು ಹಳೆಯ ಆಲ್ಗೋಟ್ ಇನ್ನು ಸಿಗುವುದಿಲ್ಲ.

“ಕೇಳ್ತೀನಿ,” ಎಂದಳು ಸೋಲ್ವೈಗ್. ಏಳಲಾಗದೆ ಇನ್ನೊಂದು ಬನ್ನು ತೆಗೆದುಕೊಂಡಳು.