ದಾರಿ ಕೇಳುವ ವಾರಿಜಾಕ್ಷಿ

ಸೂಜಿ ಕೈಗೆತ್ತಿಕೊಂಡರೆ ಸಾಕು, ನರ್ಸ್ ವಾರಿಜಾಕ್ಷಿಯವರಿಗೆ ರೋಗಿಯ ಮನೆಯ ದಾರಿ ಬೇಕು. "ಬಸ್ಸಿಳಿದು ನಿಮ್ಮಲ್ಲಿಗೆ ಹೇಗೆ ಹೋಗುವುದು, ಹೇಳಿ" ಎಂಬುದು ಅವರ ಪೀಠಿಕೆ; ರೋಗಿ ಎರಡನೆಯ ತಿರುವು ಮುಟ್ಟುವಷ್ಟರಲ್ಲಿ ಮದ್ದು ಒಳಗೆ ಸೇರಿರುತ್ತದೆ. ಕಾಲು ಮುರಿದು ಮಲಗಿದ್ದ ನಾನೂ ಹಾಗೆಯೇ ಮೋಸಹೋದೆ. ಅರಬ್ ನಾಡಿನ ಗುಡ್ಡದೂರು ತಾಯಿಫಿನ ಚಳಿಗೆ ಹೆದರಿ ಬೇಸಗೆಯಲ್ಲೂ ಬಿಡದ ನೀಲಿ ಸ್ವೆಟರು, ಜೋತುಬಿದ್ದ ಅದರ ಜೇಬುಗಳಲ್ಲಿ ಥರ್ಮಾಮೀಟರಿನೊಡನೆ ಒಣಶುಂಠಿಯ ತುಂಡು, ಬಸ್ಸು ತಪ್ಪಿಹೋದೀತೆಂಬಂಥ ಆತುರದ ನಡಿಗೆ, ಇವನ್ನೆಲ್ಲ ಆ ಆಸ್ಪತ್ರೆ ಹತ್ತೊಂಬತ್ತು ವರ್ಷಗಳಿಂದ ಕಂಡಿದೆ. ಹುಟ್ಟಿದ ಕಾಪು ಬಿಟ್ಟರೆ ದುಡಿಯುವ ತಾಯಿಫ್, ತಾಯಿಫ್ ಬಿಟ್ಟರೆ ಕಾಪು. ಮೂರನೆಯ ಊರನ್ನು ಕಣ್ಣಾರೆ ಕಾಣದ ಈ ಮಹಾತಾಯಿ ಪೇಶಾವರದ ಗಲ್ಲಿಗಳನ್ನೂ ಮನಿಲಾದ ಓಣಿಗಳನ್ನೂ ಕಂಠಪಾಠ ಒಪ್ಪಿಸಬಲ್ಲರು.

ಅವರ ಈ ವಿದ್ಯೆ ಸೋತು ನಿಂತದ್ದು ನನ್ನ ಪಕ್ಕದ ಮಂಚದ ಸ್ಟಾವ್ರೋಸ್ ಎಂಬ ಗ್ರೀಕ್ ಇಂಜಿನಿಯರನ ಮುಂದೆ. ಪಾರ್ಶ್ವವಾಯು ಬಡಿದು ಆತನ ಬಾಯಿ ಬಿದ್ದುಹೋಗಿತ್ತು. ಊರಿನಿಂದ ಮಗಳು ದಿನವೂ ಫೋನಿನಲ್ಲಿ ಅಪ್ಪನನ್ನು ಕರೆಯುತ್ತಿದ್ದಳು. ಈ ಕಡೆಯಿಂದ ಬರಿಯ ಉಸಿರು. ಡಾಕ್ಟರ್ ಅತೀಕುರ್ರಹ್ಮಾನ್ ಕೈಚೆಲ್ಲಿದರು. "ಬಾಯಿ ಹೋದರೆ ಊರು ಹೋಗ್ತದಾ ಎಂತ?" ಎಂದು ವಾರಿಜಾಕ್ಷಿಯವರು ನನ್ನ ಮೇಲೆ ಸಿಡುಕಿದರು.

ಕಡತದಲ್ಲಿದ್ದ ಊರಿನ ಹೆಸರು ಹಿಡಿದು, ಪರೀಕ್ಷೆಗೆ ಕೂರುವವರಂತೆ ಅವರು ಮೊಬೈಲಿನಲ್ಲಿ ನಾಫ್ಪ್ಲಿಯೊದ ನಕ್ಷೆಯನ್ನೂ ಚರಿತ್ರೆಯನ್ನೂ ಓದಿದರು. ಮುಂದೆ ಸಮುದ್ರ, ನೀರಿನ ನಡುವೆ ಪುಟ್ಟ ಕೋಟೆ. ಬೆನ್ನಿಗೆ ಗುಡ್ಡ, ಅದರ ನೆತ್ತಿಯಲ್ಲಿ ವೆನಿಸಿನವರು ಕಟ್ಟಿ ಮುಗಿಸಿದ ಮರುವರ್ಷವೇ ತುರ್ಕರ ಪಾಲಾದ ದೊಡ್ಡ ಕೋಟೆ. ಸ್ವತಂತ್ರ ಗ್ರೀಸಿಗೆ ಅಥೆನ್ಸಿಗಿಂತ ಮುಂಚೆ ಕೆಲವು ವರ್ಷ ಇದೇ ರಾಜಧಾನಿ. ಒಂದು ವಾರ ಇದನ್ನೆಲ್ಲ ಒಪ್ಪಿಸಿದರು. ಆತ ಕಣ್ಣು ಮುಚ್ಚಿ ಕೇಳಿದ, ಅಷ್ಟೆ.

ಎಂಟನೆಯ ದಿನ ಅವಸರದಲ್ಲಿ, ದೊಡ್ಡ ಕೋಟೆಯನ್ನು ತುರ್ಕರೇ ಕಟ್ಟಿದರೆಂದುಬಿಟ್ಟರು. ಆತನ ಹುಬ್ಬು ಗಂಟಿಕ್ಕಿತು. ವಾರಿಜಾಕ್ಷಿಯವರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಆ ಬಡಪಾಯಿ ಊರಿಗೆ ಅವರು ಮಾಡದ ಅನ್ಯಾಯವಿಲ್ಲ: ಮಾತಿನಲ್ಲೇ ಗುಡ್ಡವನ್ನು ಸಮುದ್ರಕ್ಕೆ ತಳ್ಳಿದರು, ಪುಟ್ಟ ಕೋಟೆಯನ್ನು ಮಾರ್ಕೆಟ್ಟಿನಲ್ಲಿ ಕೂರಿಸಿದರು. ಆತ ಕೆಂಪಾಗುತ್ತಿದ್ದ, ತುಟಿ ಅದುರುತ್ತಿತ್ತು, ಮಾತು ಮಾತ್ರ ಬರಲಿಲ್ಲ. ಕೊನೆಗೊಂದು ಮಧ್ಯಾಹ್ನ ಮಗಳ ಫೋನು ಬಂದಾಗ ಅದನ್ನು ಆತನ ಕಿವಿಗೆ ಹಿಡಿದು, ಇಂಗ್ಲಿಷಿನಲ್ಲೂ ಕಾಪುವಿನ ರಾಗ ಬಿಡದೆ ಕೇಳಿದರು: "ನಿಮ್ಮೂರು ರಾಜಧಾನಿ ಅಂತೆಲ್ಲ ಸುಳ್ಳು ಮಾರಾಯ್ರೆ, ಮೊದಲಿಂದಲೂ ಅಥೆನ್ಸೇ ಅಲ್ವಾ?"

"ಓಹಿ!" ಎಂದು ಗುಡುಗಿದ ಸ್ಟಾವ್ರೋಸ್. ಅಲ್ಲ ಎನ್ನಲು ಗ್ರೀಕರ ಭಾಷೆಯ ಮಾತದು. ಮತ್ತೆ ತಡೆದು, ತೊದಲಿ, "ನಾಫ್ಪ್ಲಿಯೊ" ಎಂದ. ಫೋನಿನೊಳಗೆ ಮಗಳು ಅಳತೊಡಗಿದಳು. ವಾರಿಜಾಕ್ಷಿಯವರು ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡು, "ಹಾಗಾದರೆ ಬಸ್ಸಿಳಿದು ಎಡಕ್ಕೋ, ಬಲಕ್ಕೋ?" ಎಂದರು.

ಮದ್ದು ಕೊಡುವ ಕೈಗಳು ಲೋಕದಲ್ಲಿ ಬೇಕಾದಷ್ಟಿವೆ. ತಾವು ಎಲ್ಲಿಗೂ ಹೋಗದೆ ಪರರ ಊರುಗಳನ್ನು ತಲೆಯಲ್ಲಿ ಹೊತ್ತು ತಿರುಗುವ ಇಂಥ ಜೀವಗಳು ಅಪರೂಪ. ಒಮ್ಮೆ ಕೇಳಿದ ದಾರಿಯನ್ನು ಅವರು ಜೋಪಾನವಾಗಿಡುತ್ತಾರೆ. ನಾವೇ ಅದನ್ನು ಕಳೆದುಕೊಂಡು ಮಲಗಿದ ದಿನ, ಬೇಕೆಂದೇ ತಪ್ಪು ಹೇಳಿ, ನಮ್ಮ ಬಾಯಿಂದಲೇ ಸರಿ ಹೇಳಿಸುತ್ತಾರೆ.